ಅತ್ತೆಮನೆಗೆ ಹೊರಟ ಕತ್ತು

ಇಸ್ತ್ರಿಪೆಟ್ಟಿಗೆಯ ಕೆಂಡದಿಂದ ಒಂದೇ ಒಂದು ಕಿಡಿ ಹಾರಿತು. ಹಾರಿ ಬುಕೆನ್ಯನ ಬಿಳಿ ನಿಲುವಂಗಿಯ ಮೇಲೆ ಕೂತು ಹುರುಳಿಕಾಳಿನಷ್ಟಗಲ ಸುಟ್ಟಿತು. ಎದೆಯ ಮೇಲೆ ಸುಟ್ಟಿದ್ದರೆ ಕೋಟು ಮುಚ್ಚಿಕೊಳ್ಳುತ್ತಿತ್ತು. ಬೆನ್ನ ಮೇಲೆ ಸುಟ್ಟಿದ್ದರೂ ಕೋಟು ಮುಚ್ಚಿಕೊಳ್ಳುತ್ತಿತ್ತು. ಆದರೆ ಆ ಕಿಡಿ ಹುಡುಕಿಕೊಂಡು ಹೋಗಿ ಕೂತದ್ದು ಕೋಟಿನ ಅಂಚಿಗಿಂತ ಎರಡು ಬೆರಳು ಕೆಳಗೆ, ಹಿಂಭಾಗದಲ್ಲಿ, ಮನುಷ್ಯ ಕುರ್ಚಿಗೆ ಊರುವ ಜಾಗದಲ್ಲಿ.

ಅವತ್ತು ಶನಿವಾರ. ಅವನ ನಾದಿನಿಯನ್ನು ಕೇಳಲು ಗಂಡಿನ ಕಡೆಯವರು ಅತ್ತೆಮನೆಗೆ ಬರುವ ದಿನ. ಹೆಂಡತಿ ನಾಂತೇಜಾ ಅಡುಗೆ ಕೆಲಸಕ್ಕೆಂದು ಮೂರು ದಿನ ಮೊದಲೇ ಮಗ ಮುಸೋಕೆಯನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಮುಸೋಕೆ ಅಪ್ಪಾ, ಹೊತ್ತಿಗೆ ಸರಿಯಾಗಿ ಬನ್ನಿ, ಅಂಗಿ ಇಸ್ತ್ರಿ ಮಾಡ್ಕೊಂಡು ಬನ್ನಿ, ಮತ್ತೆ ನಿಮ್ಮ ಕಣ್ಣನ್ನ ಜೇಬಲ್ಲಿಟ್ಕೊಂಡು ಬನ್ನಿ" ಎಂದಿದ್ದಳು.

ಕಣ್ಣಿನ ಮಾತಿಗೆ ಕಾರಣವಿತ್ತು. ಅವರ ಸಂಪ್ರದಾಯದಲ್ಲಿ ಅಳಿಯನಾದವನು ಹೆಂಡತಿಯ ತಾಯಿಯನ್ನು ನೋಡಬಾರದು, ಮುಟ್ಟಬಾರದು, ಒಂದೇ ಸೂರಿನ ಕೆಳಗೆ ಇರಬಾರದು. ಇದ್ದರೆ ಕೈ ನಡುಗುವ ರೋಗ ಬರುತ್ತದೆ. ಹೋದ ವರ್ಷ ಒಂದು ಸಾವಿನ ಮನೆಯಲ್ಲಿ ಬುಕೆನ್ಯ ಬಾಳೆತೋಟದ ತಿರುವಿನಲ್ಲಿ ಅತ್ತೆಗೆ ಎದುರಾಗಿ ಸಿಕ್ಕಿಬಿದ್ದಿದ್ದ. ಅತ್ತೆ ಕೊಡ ಬಿಟ್ಟು ಓಡಿದರು, ಕೊಡ ಒಡೆಯಿತು. ಆಮೇಲೆ ಒಂದು ವಾರ ಅವನ ಕೈ ನಿಜಕ್ಕೂ ನಡುಗಿತು. ಉಳಿದ ಕಸುಬಿನವರಾದರೆ ಹೇಗೋ ನಿಭಾಯಿಸಬಹುದು. ಬುಕೆನ್ಯ ಮಸಾಕಾ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಆ ವಾರ ತೆಗೆದ ಫೋಟೋದಲ್ಲಿ ಪಾದ್ರಿಗಳಿಗೆ ಎರಡು ಮೂಗು ಬಂದಿತ್ತು.

ಇನ್ನೊಮ್ಮೆ ಹಾಗಾದರೆ ಕಸುಬೂ ಇಲ್ಲ, ಹೆಂಡತಿಯೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಅವನು ನಿಲುವಂಗಿ ತೊಟ್ಟು, ಕೋಟು ಹಾಕಿ, ಕನ್ನಡಿಗೆ ಬೆನ್ನು ಮಾಡಿ ನಿಂತು, ಎಡ ಹೆಗಲ ಮೇಲಿಂದ ಹಿಂದಕ್ಕೆ ಇಣುಕಿದ. ಕಲೆ ಕಾಣಲಿಲ್ಲ. ಹತ್ತೊಂಬತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಿದ್ದ ಮಾತನ್ನೇ ತನಗೂ ಹೇಳಿಕೊಂಡ: "ಇನ್ನೊಂಚೂರು ಎಡಕ್ಕೆ... ಇನ್ನೊಂಚೂರು..."

ಕಟಕ್.

ಕಲೆ ಕಂಡಿತು. ಬಹಳ ಸ್ಪಷ್ಟವಾಗಿ ಕಂಡಿತು. ಆಮೇಲೆ ಅದೇ ಕಾಣುತ್ತಾ ಉಳಿಯಿತು, ಏಕೆಂದರೆ ಕತ್ತು ವಾಪಸು ಬರಲಿಲ್ಲ. ಬಲಕ್ಕೆ ತಿರುಗಿಸಲು ನೋಡಿದರೆ ತಲೆಬುರುಡೆಯ ಬುಡದಲ್ಲಿ ಯಾರೋ ಮೊಳೆ ಹೊಡೆದ ಹಾಗೆ ಚಳಕು. ತುಂಬಾ ಹೊತ್ತು ಒದ್ದಾಡಿ, ಗಲ್ಲವನ್ನು ಹೆಗಲಿನಿಂದ ನಾಲ್ಕು ಬೆರಳು ಈಚೆಗೆ ತಂದ. ಅಲ್ಲಿಂದ ಮುಂದಕ್ಕೆ ಅದು ಜಪ್ಪಯ್ಯ ಎನ್ನಲಿಲ್ಲ.

ಮುಂದೆ ಹೋಗಬೇಕಾದರೆ ಏಡಿಯ ಹಾಗೆ ಪಕ್ಕಕ್ಕೆ ನಡೆಯಬೇಕು ಎಂದು ಅವನಿಗೆ ತಿಳಿದದ್ದು ಬಾಗಿಲ ಚೌಕಟ್ಟಿಗೆ ಮೂಗು ಬಡಿದ ಮೇಲೆ. ಆ ಸದ್ದಿಗೆ ಪಕ್ಕದ ಮನೆಯ ಮುದುಕ ಮುಗೇರ್ವಾ ಎದ್ದು ಬಂದ. ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿದವನು. ಲೋಕದಲ್ಲಿ ಕೆಟ್ಟದ್ದೆಲ್ಲ ಸೈಕಲ್ಲಿನ ಹಾಗೇ ಕೆಡುತ್ತದೆ ಎಂದು ನಂಬಿದವನು.

"ಏನಪ್ಪಾ ಬುಕೆನ್ಯಾ, ಯಾರ ಮನೆ ಹೆಂಗಸನ್ನ ನೋಡೋಕೆ ಹೋದೆ?"

"ನನ್ನ ಅಂಗಿ ಹಿಂಭಾಗ ನೋಡೋಕೆ ಹೋದೆ, ಅಜ್ಜಾ."

"ಹೆಂಡತಿ ಊರಲ್ಲಿ ಇಲ್ಲದಾಗ ಎಲ್ಲಾ ಗಂಡಸರೂ ಹೀಗೇ ಹೇಳೋದು" ಎಂದ ಮುಗೇರ್ವಾ ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಹ್ಯಾಂಡಲ್ ಓರೆಯಾಗಿದೆ ಅಷ್ಟೆ. ಮುಂದಿನ ಚಕ್ರ ಮೊಣಕಾಲ ಮಧ್ಯೆ ಹಿಡ್ಕೊಂಡು ಒಂದೇ ಸಲ ತಿರುಗಿಸಿದ್ರೆ ಆಯ್ತು. ಕೂತ್ಕೋ."

"ಬೇಡ ಅಜ್ಜಾ."

"ಕೂತ್ಕೋ ಅಂದೆ."

ಬುಕೆನ್ಯನ ಸೊಂಟವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಎರಡೂ ಕಿವಿಗಳನ್ನು ಹ್ಯಾಂಡಲ್ಲಿನಂತೆ ಹಿಡಿದು, ಮುದುಕ ಎಳೆದ. ಬುಕೆನ್ಯ ಹಾಕಿದ ಕೂಗಿಗೆ ಬೀದಿಯ ಕೋಳಿಗಳೆಲ್ಲ ಛಾವಣಿ ಹತ್ತಿದವು. ಕತ್ತು ಇದ್ದಲ್ಲೇ ಇತ್ತು. ಕಿವಿ ಮಾತ್ರ ಹಣ್ಣಾದ ಟೊಮೇಟೋ ಆಗಿತ್ತು.

"ತುಕ್ಕು ಹಿಡಿದಿದೆ" ಎಂದು ಮುಗೇರ್ವಾ ತೀರ್ಪು ಕೊಟ್ಟ. "ನಿಲ್ಲು, ಎಣ್ಣೆ ತರ್ತೀನಿ."

ಅವನು ಎಣ್ಣೆ ತರುವಷ್ಟರಲ್ಲಿ ಬುಕೆನ್ಯ ಏಡಿ ನಡಿಗೆಯಲ್ಲೇ ಬೀದಿಯ ತುದಿ ದಾಟಿ ಆಸ್ಪತ್ರೆ ಸೇರಿದ್ದ.

ಅಲ್ಲಿ ಮೂಳೆ ನರ ನೋಡುವ ಡಾಕ್ಟರಮ್ಮ ಅಚೆಂಗ್ ಕಾಗದ ಬರೆಯುತ್ತಾ ತಲೆಯೆತ್ತದೆ ಹೇಳಿದಳು, "ಕೂತ್ಕೊಳ್ಳಿ." ಆಮೇಲೆ ತಲೆಯೆತ್ತಿ, "ಆ ಕಡೆ ಏನು ನೋಡ್ತಿದೀರಿ? ನಾನು ಇಲ್ಲಿದೀನಿ" ಎಂದಳು.

"ಅದೇ ಕಾಯಿಲೆ, ಡಾಕ್ಟರಮ್ಮಾ."

ಅಚೆಂಗ್ ಎದ್ದು ಬಂದು ಅವನ ಹಿಂದಲೆಯ ಕೆಳಗೆ ಹೆಬ್ಬೆರಳು ಊರಿದಳು. ಬುಕೆನ್ಯ ಕುರ್ಚಿಯಿಂದ ಒಂದು ಗೇಣು ಮೇಲೆ ಹಾರಿದ. "ಇಲ್ಲೇ ಇದಾನೆ ಕಳ್ಳ" ಎಂದು ಆಕೆ ಖುಷಿಯಿಂದ ಹೇಳಿ, ಮೂಲೆಯಲ್ಲಿ ಫುಟ್‌ಬಾಲ್ ಟೋಪಿ ಹಾಕಿಕೊಂಡು ನಿಂತಿದ್ದ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ಎಳೆದು ತಂದಳು.

"ನೋಡಿ. ಇದು ಕತ್ತಿನ ಮೊದಲನೇ ಮೂಳೆ. ಬಳೆ ಥರ ಇದೆ. ತಲೆಬುರುಡೆ ಇದರ ಮೇಲೆ ಕೂತಿದೆ. ಇದರ ಕೆಳಗಿನ ಎರಡನೇ ಮೂಳೆಗೆ ಒಂದು ಗೂಟ ಇದೆ. ಗೂಟದ ಸುತ್ತ ಬಳೆ ತಿರುಗತ್ತೆ. ಈ ಎರಡನೇದರ ಬೆನ್ನಿಂದ ಮೊದಲನೇದರ ಪಕ್ಕಕ್ಕೆ ಓರೆಯಾಗಿ, ಒಂದೊಂದು ಕಡೆ ಒಂದೊಂದು ಪುಟ್ಟ ಸ್ನಾಯು. ನಿಮ್ಮ ಕಿರುಬೆರಳಿನಷ್ಟೂ ಇಲ್ಲ. ಎಡಗಡೆದು ಎಳೆದ್ರೆ ಮುಖ ಎಡಕ್ಕೆ, ಬಲಗಡೆದು ಎಳೆದ್ರೆ ಬಲಕ್ಕೆ."

"ನಂದೇನಾಗಿದೆ?"

"ಎಡಗಡೆದು ಎಳೀತು. ಕೆಲಸ ಮುಗೀತು ಬಿಡು ಅಂತ ಅದಕ್ಕಿನ್ನೂ ತಿಳಿದಿಲ್ಲ. ಹಿಡ್ಕೊಂಡೇ ಕೂತಿದೆ."

"ಅಷ್ಟು ಚಿಕ್ಕದು ಇಷ್ಟು ದೊಡ್ಡ ತಲೇನ ಹಿಡಿದಿಟ್ಕೊಂಡಿದೆಯಾ?"

"ಯಾವುದಾದ್ರೂ ಆಫೀಸಿನ ಬಾಗಿಲಲ್ಲಿ ಕೂರೋ ಗುಮಾಸ್ತನನ್ನ ನೋಡಿಲ್ವಾ ನೀವು?" ಎಂದಳು ಅಚೆಂಗ್. "ಸರಿ, ತಲೆ ಮೇಲೆ ಕೆಳಗೆ ಆಡ್ಸಿ."

ಆಡಿತು.

"ಅದು ಹೌದು ಅನ್ನೋ ಕೀಲು. ಬುರುಡೆಗೂ ಬಳೆಗೂ ಮಧ್ಯೆ ಇರೋದು. ಚೆನ್ನಾಗಿದೆ. ಈಗ ಅಡ್ಡಡ್ಡ ಆಡ್ಸಿ."

ಆಡಲಿಲ್ಲ. ಬದಲಿಗೆ ಕಣ್ಣಲ್ಲಿ ನೀರು ಬಂತು.

"ಇದು ಇಲ್ಲ ಅನ್ನೋ ಕೀಲು. ಇವತ್ತು ನೀವು ತಲೆ ಆಡಿಸಿ ಯಾರಿಗೂ ಇಲ್ಲ ಅನ್ನೋ ಹಾಗಿಲ್ಲ."

"ಮದುವೆಯಾಗಿ ಹನ್ನೊಂದು ವರ್ಷ ಆಯ್ತು ಡಾಕ್ಟರಮ್ಮಾ. ಅಭ್ಯಾಸ ಇದೆ."

ಆಕೆ ಎರಡು ಮಾತ್ರೆ ನುಂಗಿಸಿದಳು, ಬಿಸಿನೀರಿನ ಶಾಖ ಕೊಡಿಸಿದಳು. "ಎರಡು ಮೂರು ದಿನದಲ್ಲಿ ತಾನಾಗೇ ಬಿಡತ್ತೆ. ಸೋಮವಾರ ಬನ್ನಿ. ಯಾರ ಕೈಲೂ ತಿರುಗಿಸಿಕೊಳ್ಳಬೇಡಿ" ಎಂದು ಹೇಳಿ, ಅವನ ಕಿವಿಗಳನ್ನು ನೋಡಿ, "ಅಥವಾ ಇನ್ನು ಮೇಲಾದ್ರೂ ತಿರುಗಿಸಿಕೊಳ್ಳಬೇಡಿ" ಎಂದು ಸೇರಿಸಿದಳು.

ಹಳ್ಳಿಗೆ ಹೋಗುವ ವ್ಯಾನಿನಲ್ಲಿ ಅವನಿಗೆ ಸಿಕ್ಕಿದ್ದು ನಡುವಿನ ಸೀಟು. ಎಡಗಡೆ ತೊಡೆಯ ಮೇಲೆ ಅನಾನಸಿನ ಬುಟ್ಟಿ ಇಟ್ಟುಕೊಂಡ ದಪ್ಪನೆಯ ಹೆಂಗಸು. ಅವಳ ಕೆನ್ನೆಗೂ ಅವನ ಮೂಗಿಗೂ ಮೂರು ಬೆರಳಿನ ಅಂತರ. ಒಂದು ಮೈಲಿ ಆಕೆ ಸಹಿಸಿದಳು. ಎರಡನೇ ಮೈಲಿಗೆ ಬಾಯಿ ಬಿಟ್ಟಳು.

"ಏನಯ್ಯಾ, ನನ್ನ ಮುಖದಲ್ಲಿ ಟೀವಿ ನಡೀತಿದೆಯಾ?"

"ಕತ್ತು ಹಿಡ್ಕೊಂಡಿದೆ, ತಾಯಿ."

"ಹಿಡ್ಕೊಳ್ದೆ ಏನು? ಹೀಗೆ ನೋಡ್ತಾ ಇದ್ರೆ!"

ವ್ಯಾನಿನವರೆಲ್ಲ ಸೇರಿಕೊಂಡರು. ಒಬ್ಬ ಬಾಳೆದಿಂಡು ಬಿಸಿ ಮಾಡಿ ಕಟ್ಟು ಎಂದ. ಇನ್ನೊಬ್ಬ, ಯಾವ ಕಡೆ ಹಿಡಿದಿದೆಯೋ ಆ ಕಡೆಯ ಕಾಲಲ್ಲಿ ಕುಂಟು ಎಂದ. ಕೊನೆಗೆ ಕಂಡಕ್ಟರು ಅವನನ್ನು ಹಿಂದಿನ ಸಾಲಿನ ಎಡ ಕಿಟಕಿಗೆ ಸಾಗಿಸಿದ. ಅಲ್ಲಿಂದ ಬುಕೆನ್ಯ ಸಂತೆಗೆ ಹೋಗುವ ಆಡಿನಂತೆ ತಲೆ ಹೊರಗೆ ಹಾಕಿಕೊಂಡು ಹೊರಟ. ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದ ಪೊಲೀಸಿನವನು ಎಲ್ಲರ ಮುಖ ನೋಡಿದ. ಎಲ್ಲರೂ ಮುಖ ತಿರುಗಿಸಿಕೊಂಡರು. ಒಬ್ಬ ಮಾತ್ರ ತಿರುಗಿಸಲಿಲ್ಲ.

"ಯಾರೋ ನೀನು, ನನ್ನನ್ನೇ ಗುರಾಯಿಸ್ತಿದೀಯಾ?"

ಇಡೀ ವ್ಯಾನು ಒಂದೇ ಕಂಠದಲ್ಲಿ, "ಕತ್ತು ಹಿಡ್ಕೊಂಡಿದೆ, ಸ್ವಾಮೀ!" ಎಂದಿತು. ಅದನ್ನು ಪೊಲೀಸಿನವನಿಗೆ ಮನದಟ್ಟು ಮಾಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಅತ್ತೆಮನೆಯ ಅಂಗಳದಲ್ಲಿ ಎರಡು ಶಾಮಿಯಾನ ಎದುರುಬದುರಾಗಿ ಎದ್ದಿದ್ದವು. ಒಂದು ಮನೆಯವರದು, ಒಂದು ಬರುವ ಗಂಡಿನ ಕಡೆಯವರದು. ಬುಕೆನ್ಯ ಮನೆಯವರ ಶಾಮಿಯಾನದಲ್ಲಿ ಎರಡನೇ ಸಾಲಿನಲ್ಲಿ ಕೂತ. ಕೂತ ಮೇಲೆ ಎಡವಟ್ಟು ತಿಳಿಯಿತು. ಅವನ ಎಡಕ್ಕೆ, ನೇರಕ್ಕೆ, ಜೊಂಡಿನ ತಡಿಕೆಯ ಅಡುಗೆಮನೆ. ತಡಿಕೆಯ ಸಂದಿಯಲ್ಲಿ ಹೊಗೆ, ಬಾಳೆಕಾಯಿ ಬೇಯುವ ವಾಸನೆ, ಓಡಾಡುವ ಬಣ್ಣಬಣ್ಣದ ಲಂಗಗಳು. ಅದರಲ್ಲೊಂದು ಅತ್ತೆಯದು. ಯಾವುದೆಂದು ಗೊತ್ತಿಲ್ಲ. ಗೊತ್ತಾಗಲೂ ಬಾರದು.

ಕಣ್ಣು ಮುಚ್ಚಿಕೊಂಡ. ಪಕ್ಕದಲ್ಲಿದ್ದ ಅಜ್ಜನೊಬ್ಬ, "ಹೆಣ್ಣಿನ ಮನೇಗೆ ಬಂದು ನಿದ್ದೆ ಮಾಡ್ತಾನೆ" ಎಂದು ಮೊಣಕೈಯಲ್ಲಿ ತಿವಿದ. ಕಣ್ಣು ತೆರೆದು ಮೈಯನ್ನೇ ಬಲಕ್ಕೆ ತಿರುಗಿಸಿ ಕೂತ. ಈಗ ಮುಖ ಎದುರಿಗೇನೋ ಬಂತು, ಮೊಣಕಾಲು ಮಾತ್ರ ಅಜ್ಜನ ಪಕ್ಕೆಗೆ ಹೊಕ್ಕಿತು.

"ನನ್ನ ತೊಡೆ ಮೇಲೇ ಕೂತ್ಕೊಂಬಿಡು ಮಗನೇ, ಸಂಕೋಚ ಯಾಕೆ?" ಎಂದ ಅಜ್ಜ.

ಅಷ್ಟರಲ್ಲಿ ನಾಂತೇಜಾ ಸೌಟು ಹಿಡಿದುಕೊಂಡೇ ಓಡಿ ಬಂದಳು. ತಡಿಕೆಯ ಆಚೆಯಿಂದ ಅವಳಿಗೆ ಕಂಡದ್ದು ಒಂದೇ: ನೂರು ಜನರಲ್ಲಿ ತನ್ನ ಗಂಡ ಒಬ್ಬನೇ ಅಡುಗೆಮನೆಯನ್ನು ದಿಟ್ಟಿಸುತ್ತಿದ್ದದ್ದು.

"ಮುಸೋಕೆ ಅಪ್ಪಾ! ನಿಮಗೆ ನಾನೇನು ಹೇಳಿ ಬಂದಿದ್ದೆ?"

"ಕತ್ತು ತಿರುಗ್ತಿಲ್ಲ ಕಣೇ..."

"ತಿರುಗಿದೆಯಲ್ಲ! ನಮ್ಮಮ್ಮ ಇರೋ ಕಡೇಗೇ ತಿರುಗಿದೆ! ಅಮ್ಮ ಒಲೆ ಹತ್ರ ಗೋಣಿ ಹೊದ್ದುಕೊಂಡು ಕೂತಿದಾರೆ ನಿಮ್ಮ ದೆಸೆಯಿಂದ!"

ಅವನು ಎರಡೇ ಮಾತಿನಲ್ಲಿ ಕಿಡಿ, ಕನ್ನಡಿ, ಕಟಕ್ ಎಲ್ಲವನ್ನೂ ಹೇಳಿದ. ನಾಂತೇಜಾ ಸೌಟಿನ ತುದಿಯಿಂದ ಅವನ ಗಲ್ಲವನ್ನು ತಳ್ಳಿ ಪರೀಕ್ಷಿಸಿದಳು. ಸುಳ್ಳಲ್ಲ. ಅವಳು ಅಂಗಳದ ಆ ಕಡೆ ಈ ಕಡೆ ನೋಡಿ ಲೆಕ್ಕ ಹಾಕಿದಳು.

"ಎದ್ದೇಳಿ. ಗಂಡಿನ ಕಡೆಯವರ ಶಾಮಿಯಾನಕ್ಕೆ ಹೋಗಿ ಕೊನೇ ಸಾಲಲ್ಲಿ ಕೂತ್ಕೊಳ್ಳಿ. ಅಲ್ಲಿ ಕೂತ್ರೆ ನಿಮ್ಮ ಎಡಕ್ಕೆ ಬರೋದು ಬಾಳೆತೋಟ. ಸಾಯಂಕಾಲದವರೆಗೂ ಬಾಳೆಗಿಡ ನೋಡ್ಕೊಂಡಿರಿ. ಯಾರೂ ಏನೂ ಅನ್ನಲ್ಲ."

ಒಳ್ಳೆಯ ಉಪಾಯವೇ. ಗಂಡಿನ ಕಡೆಯವರು ಬುಟ್ಟಿ, ಬೆಲ್ಲ, ಮರದ ತೊಗಟೆ ಬಡಿದು ಮಾಡಿದ ತೊಗಟೆ ಬಟ್ಟೆ, ಒಂದು ಹುಂಜ ಹೊತ್ತು ಹಾಡುತ್ತಾ ಬಂದಾಗ ಬುಕೆನ್ಯ ಅವರ ಬಾಲದಲ್ಲಿ ಸೇರಿಕೊಂಡು ಕೊನೆಯ ಸಾಲಿನಲ್ಲಿ ಕೂತ. ಅವರೆಲ್ಲರೂ ಬಿಳಿ ನಿಲುವಂಗಿ, ಕಪ್ಪು ಕೋಟು. ಅವನೂ ಬಿಳಿ ನಿಲುವಂಗಿ, ಕಪ್ಪು ಕೋಟು. ಎದುರಿಗೆ ಹಸಿರು ಬಾಳೆ. ಬೆಳಗಿನಿಂದ ಮೊದಲ ಬಾರಿಗೆ ಅವನು ನೆಮ್ಮದಿಯ ಉಸಿರು ಬಿಟ್ಟ.

ಎರಡೂ ಕಡೆಯ ಪರವಾಗಿ ಮಾತಾಡಲು ಗೊತ್ತುಮಾಡಿದ್ದ ಮಾತುಗಾರರು ಒಂದು ಗಂಟೆ ಒಬ್ಬರನ್ನೊಬ್ಬರು ಚುಡಾಯಿಸಿದ ಮೇಲೆ, ಅವರು ಸೆಂಗಾ ಎಂದು ಕರೆಯುವ, ಹೆಣ್ಣಿನ ಸೋದರತ್ತೆ ಹೊರಗೆ ಬಂದಳು. ಸೆಂಗಾ ನಮುಲಿ. ಬಂದವರ ಗುಂಪಿನಲ್ಲಿ ಮದುಮಗ ಯಾರೆಂದು ಗುರುತಿಸಿ ಅವನ ಎದೆಗೆ ಹೂ ಚುಚ್ಚಿ ಕರೆತರುವುದು ಅವಳ ಕೆಲಸ. ಸೆಂಗಾ ನಮುಲಿ ಕೀನ್ಯಾದ ಕಿಸುಮುವಿನಲ್ಲಿರುವವಳು, ಹಿಂದಿನ ದಿನವಷ್ಟೇ ಬಂದವಳು. ಕನ್ನಡಕವನ್ನು ಬಸ್ಸಿನಲ್ಲೇ ಮರೆತು ಬಂದಿದ್ದಳು. ಮದುಮಗನನ್ನು ಅವಳು ನೋಡಿದ್ದು ಒಂದು ಫೋಟೋದಲ್ಲಿ ಮಾತ್ರ. ಆ ಫೋಟೋ ತೆಗೆದವನು ಬುಕೆನ್ಯ. ಅವನ ಸ್ಟುಡಿಯೋದಲ್ಲಿ ಗಂಡಸರಿಗೆಲ್ಲ ಇದ್ದದ್ದು ಒಂದೇ ಭಂಗಿ: ಎದೆ ಮುಂದೆ, ಮುಖ ಎಡಕ್ಕೆ, ನೋಟ ಎಲ್ಲೋ ದೂರದಲ್ಲಿ.

ಸೆಂಗಾ ಮೊದಲ ಸಾಲು ನೋಡಿದಳು. ಎಲ್ಲರೂ ನೇರಕ್ಕೆ ನೋಡುತ್ತಿದ್ದರು. ಎರಡನೇ ಸಾಲು, ಮೂರನೇ ಸಾಲು. ಕೊನೆಯ ಸಾಲಿಗೆ ಬಂದಾಗ ಅವಳ ಮುಖ ಅರಳಿತು.

"ಸಿಕ್ಕಿಬಿದ್ದ ನೋಡಿ ಕಳ್ಳ! ಫೋಟೋದಲ್ಲಿ ಇದ್ದ ಹಾಗೇ ಕೂತಿದಾನೆ, ನಾಚಿಕೊಂಡು ಬಾಳೆಗಿಡ ನೋಡ್ತಾ!"

ಹೂ ಚುಚ್ಚಿಯೇ ಬಿಟ್ಟಳು. ಡೋಲು ಶುರುವಾಯಿತು. ಹೆಂಗಸರು ನಾಲಗೆ ಹೊರಳಿಸಿ ಹಾಕಿದ ಕೇಕೆಗೆ ಶಾಮಿಯಾನದ ಬಟ್ಟೆ ಅದುರಿತು. "ನಾನಲ್ಲ! ಅಮ್ಮಾ, ನಾನಲ್ಲ!" ಎಂದು ಬುಕೆನ್ಯ ಕೂಗಿದ್ದು ಅವನಿಗೇ ಕೇಳಿಸಲಿಲ್ಲ. ತಲೆಯನ್ನಾದರೂ ಅಡ್ಡಡ್ಡ ಆಡಿಸೋಣವೆಂದರೆ ಕತ್ತು ಕೇಳಬೇಕಲ್ಲ. ಸೊಂಟದಿಂದ ಮೇಲಕ್ಕೆ ಇಡೀ ಮೈಯನ್ನೇ ಅತ್ತ ಇತ್ತ ಆಡಿಸಿದ. ಜನ ಅದನ್ನು ಕುಣಿತವೆಂದು ತಿಳಿದರು.

"ಸೊಂಟ ನೋಡ್ರೋ ಸೊಂಟ! ಹೆಣ್ಣು ಸಿಕ್ಕಿದ ಖುಷಿ!" ಎಂದು ಯಾರೋ ಕೂಗಿದರು. ಡೋಲಿನವನು ಇನ್ನೂ ಜೋರು ಮಾಡಿದ.

ಸೆಂಗಾ ಅವನ ಕೈ ಹಿಡಿದು ಅಂಗಳದ ನಡುವಿಗೆ ಎಳೆದುಕೊಂಡು ಬಂದಳು. ಅವನು ಏಡಿ ನಡಿಗೆಯಲ್ಲಿ ಬಂದ. ಮೂರನೇ ಸಾಲಿನಲ್ಲಿ ನಿಜವಾದ ಮದುಮಗ ಅರ್ಧ ಎದ್ದು, ಅರ್ಧ ಕೂತು, ಬಾಯಿ ತೆರೆದುಕೊಂಡಿದ್ದ. ನಾದಿನಿ ತಲೆತಗ್ಗಿಸಿ ಬಂದು, ಎದೆಯಲ್ಲಿ ಹೂ ಇದ್ದವನ ಎದುರು ಮಂಡಿಯೂರಿ, ಮೆಲ್ಲಗೆ ಕಣ್ಣೆತ್ತಿದಳು.

"ಅಯ್ಯಯ್ಯೋ, ಭಾವ!"

ಡೋಲು ನಿಂತಿತು. ಮನೆಯವರ ಮಾತುಗಾರ ಲುತಾಯಾ ಗಂಟಲು ಸರಿಮಾಡಿಕೊಂಡ. ಇಂಥ ಅವಕಾಶ ಮಾತುಗಾರನ ಬದುಕಿನಲ್ಲಿ ಒಂದೇ ಸಲ ಬರುತ್ತದೆ.

"ಗಂಡಿನ ಕಡೆಯ ದೊಡ್ಡವರೇ, ಹೊಸ ಅಳಿಯನನ್ನ ತರ್ತೀವಿ ಅಂದ್ರಿ. ಇದೇನು, ನಮ್ಮ ಹಳೇ ಅಳಿಯನಿಗೇ ಹೂ ಚುಚ್ಚಿ ವಾಪಸ್ ಕೊಡ್ತಿದೀರಿ? ಇದನ್ನ ನಾವು ಹನ್ನೊಂದು ವರ್ಷ ಬಳಸಿ ನೋಡಿದೀವಿ. ಇಂಥದ್ದೇ ಇನ್ನೊಂದು ನಮಗೆ ಬೇಡ!"

ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಬುಕೆನ್ಯನಿಗೆ ಭೂಮಿ ಬಾಯ್ಬಿಟ್ಟರೆ ಸಾಕಾಗಿತ್ತು. ಅದೂ ಎಡಗಡೆಗೇ ಬಾಯ್ಬಿಟ್ಟರೆ ಒಳ್ಳೆಯದಿತ್ತು. ಹೂವನ್ನು ಕಿತ್ತು ನಿಜವಾದ ಮದುಮಗನಿಗೆ ಚುಚ್ಚಿದರು. ಸೆಂಗಾ ನಮುಲಿ ಎರಡೂ ಮುಖಗಳನ್ನು ಮೂಗಿನ ಹತ್ತಿರ ಎಳೆದು ನೋಡಿ, "ಫೋಟೋದಲ್ಲಿ ಇವನೇ ಚೆನ್ನಾಗಿದ್ದ" ಎಂದು ಬುಕೆನ್ಯನನ್ನೇ ತೋರಿಸಿದಳು.

ನಗು ಮುಗಿದ ಮೇಲೆ ಕರುಣೆ ಶುರುವಾಯಿತು. ಅದು ನಗುವಿಗಿಂತ ಕಷ್ಟದ್ದು. ಊಟಕ್ಕೆ ಕೂತವರು ಒಬ್ಬೊಬ್ಬರಾಗಿ ಬಂದು ಅವನ ಕತ್ತನ್ನು ಒತ್ತಿ ನೋಡಿದರು. ಮಾವ ಕಿಕೊಮೆಕೊ ಕೂಡ ಕೋಲೂರಿಕೊಂಡು ಬಂದರು. ಮಾತು ಕಡಿಮೆಯ ಮನುಷ್ಯ.

"ಈ ಸೀಮೆಯಲ್ಲಿ ಹಿಡಿದ ಕತ್ತು ಬಿಡಿಸೋ ಕೈ ಒಂದೇ ಇರೋದು" ಎಂದರು.

"ಯಾರದು ಮಾವಾ? ಈಗಲೇ ಹೋಗ್ತೀನಿ" ಎಂದ ಬುಕೆನ್ಯ.

"ಹೋಗೋದೇನೂ ಬೇಡ. ಇಲ್ಲೇ ಇದಾಳೆ. ನನ್ನ ಹೆಂಡತಿ."

ಸುತ್ತ ನಿಂತವರೆಲ್ಲ ತಲೆದೂಗಿದರು. ಹೌದು, ಅವಳು ಕತ್ತು ತಿರುಗಿಸಿದರೆ ಹೋರಿಯೂ ಎದ್ದು ಮೇಯಲು ಹೋಗುತ್ತದೆ. ಆಮೇಲೆ ಎಲ್ಲರೂ ತಲೆದೂಗುವುದನ್ನು ನಿಲ್ಲಿಸಿದರು. ಅತ್ತೆ ಅಳಿಯನನ್ನು ಮುಟ್ಟುವುದು ಹೇಗೆ?

ಎಲ್ಲರ ಕಣ್ಣೂ ಲುತಾಯಾನ ಕಡೆ ತಿರುಗಿತು. ಅವನು ಕೋಳಿಯ ಕಾಲನ್ನು ತಟ್ಟೆಯಲ್ಲಿಟ್ಟು, ಕೈ ಒರೆಸಿಕೊಂಡು ಯೋಚಿಸಿದ. "ಸಂಪ್ರದಾಯ ಏನು ಹೇಳತ್ತೆ? ನೋಡಬಾರದು, ಮುಟ್ಟಬಾರದು. ಕೇಳಬಾರದು ಅಂತ ಹೇಳಿದೆಯಾ? ಇಲ್ಲ. ಅಮ್ಮ ತಡಿಕೆ ಹಿಂದೆ ಕೂತು ಹೇಳಲಿ. ಸೆಂಗಾ ನಮುಲಿ ಕೈ ಆಡಿಸಲಿ."

"ಡಾಕ್ಟರಮ್ಮ ಯಾರ ಕೈಲೂ ತಿರುಗಿಸಿಕೊಳ್ಳಬೇಡ ಅಂದಿದ್ರು" ಎಂದ ಬುಕೆನ್ಯ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವನನ್ನು ತಡಿಕೆಯ ಪಕ್ಕ ಮೋಟು ಪೀಠದ ಮೇಲೆ, ಮುಖ ಅಂಗಳಕ್ಕೆ ಬರುವಂತೆ ಕೂರಿಸಿದರು.

ತಡಿಕೆಯ ಆಚೆಯಿಂದ ಅತ್ತೆಯ ಧ್ವನಿ ಬಂತು. ಹನ್ನೊಂದು ವರ್ಷದಲ್ಲಿ ಆ ಧ್ವನಿಯನ್ನು ಅಷ್ಟು ಹತ್ತಿರದಿಂದ ಅವನು ಕೇಳಿದ್ದು ಅದೇ ಮೊದಲು. ಗಟ್ಟಿ ಕಂಠ.

"ನಮುಲೀ, ಕಿವಿ ಹಿಂದೆ ಒಂದು ಗುಬುಟು ಇದೆಯಲ್ಲ, ಅದರ ಕೆಳಗೆ ಎರಡು ಬೆರಳು ಒಳಗೆ ಬಾ. ಸಿಕ್ತಾ?"

"ಸಿಕ್ತು ಅತ್ತಿಗೆ."

"ಹೇಗಿದೆ?"

"ಮೆತ್ತಗಿದೆ."

"ಮೆತ್ತಗಿದ್ರೆ ಅದು ಕಿವೀನೇ! ಇನ್ನೂ ಒಳಗೆ, ಬುರುಡೆ ಬುಡಕ್ಕೆ. ಹಗ್ಗದ ಗಂಟಿನ ಹಾಗೆ ಸಿಗಬೇಕು."

ಗಂಟು ಸಿಕ್ಕಿತು. ಸಿಕ್ಕಿತೆಂದು ಸೆಂಗಾ ಹೇಳಬೇಕಾಗಲಿಲ್ಲ, ಬುಕೆನ್ಯನೇ ಕಿರುಚಿದ.

"ಹಾಂ, ಅದೇ. ಈಗ ಕತ್ತು ಆಡಿಸಬೇಡ. ಕಣ್ಣು ಮಾತ್ರ ಬಲಕ್ಕೆ ತಿರುಗಿಸೋಕೆ ಹೇಳು. ಉಸಿರು ಬಿಡೋಕೆ ಹೇಳು. ಉಸಿರು ಬಿಟ್ಟಾಗ ಗಂಟು ಸಡಿಲ ಆಗತ್ತೆ, ಆಗ ಮೆಲ್ಲಗೆ ಒತ್ತು."

"ಬಲ ಅಂದ್ರೆ ನನ್ನ ಬಲಾನಾ, ಅವನ ಬಲಾನಾ?"

"ಅವನದು!"

"ಅವನು ನನ್ನ ಕಡೆ ಬೆನ್ನು ಮಾಡಿದಾನಾ, ಮುಖ ಮಾಡಿದಾನಾ ಗೊತ್ತಾಗ್ತಿಲ್ಲ ಅತ್ತಿಗೆ. ಮೈ ಒಂದು ಕಡೆ ಇದೆ, ಮುಖ ಒಂದು ಕಡೆ ಇದೆ."

ಸೆಂಗಾ ಒತ್ತಿದಳು, ಜಾರಿದಳು, ಮತ್ತೆ ಒತ್ತಿದಳು. ಬುಕೆನ್ಯ ಉಸಿರು ಬಿಡಬೇಕಾದಾಗ ಕೂಗು ಬಿಟ್ಟ, ಕೂಗು ಬಿಡಬೇಕಾದಾಗ ಉಸಿರು ಹಿಡಿದ. ಸುತ್ತ ನಿಂತವರು ಒಬ್ಬೊಬ್ಬರೂ ಸಲಹೆ ಕೊಟ್ಟರು. ಅಳಿಯನ ಸಂಕಟಕ್ಕಿಂತ ಹೆಚ್ಚಾಗಿ, ತನ್ನ ವಿದ್ಯೆ ಕಣ್ಣೆದುರಿಗೇ ಹಾಳಾಗುವುದನ್ನು ಅತ್ತೆಗೆ ತಡೆದುಕೊಳ್ಳಲಾಗಲಿಲ್ಲ. ತಡಿಕೆ ಧಡಧಡ ಅಲುಗಿತು.

"ಸಾಕು ನಿಲ್ಸೇ! ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ಮಣ್ಣು ಮಾಡ್ತೀಯ! ಬೀಗರು ತಂದ ತೊಗಟೆ ಬಟ್ಟೆ ಎಲ್ಲಿದೆ? ಅವನ ತಲೆ ಮೇಲೆ ಹಾಕ್ರೋ!"

ಕಂದುಬಣ್ಣದ ದಪ್ಪ ತೊಗಟೆ ಬಟ್ಟೆಯನ್ನು ತಂದು ಬುಕೆನ್ಯನ ತಲೆಯಿಂದ ಮೊಣಕಾಲವರೆಗೆ ಹೊದಿಸಿದರು. ಅವನಿಗೆ ಲೋಕವೆಲ್ಲ ಕತ್ತಲಾಯಿತು. "ಬಟ್ಟೆ ಮುಚ್ಚಿದ ಮೇಲೆ ನೋಡಿದ ಹಾಗಾಗಲ್ಲ. ಬಟ್ಟೆ ಮೇಲಿಂದ ಮುಟ್ಟಿದ್ರೆ ಮುಟ್ಟಿದ ಹಾಗಾಗಲ್ಲ" ಎಂದು ಲುತಾಯಾ ಹೊರಗೆ ಗಟ್ಟಿಯಾಗಿ ಸಾರಿದ. ಹೆಜ್ಜೆ ಸಪ್ಪಳ ಹತ್ತಿರ ಬಂತು. ಒಲೆಯ ಹೊಗೆ ವಾಸನೆ ಬಂತು. ಎರಡು ಕೈಗಳು ಬಟ್ಟೆಯ ಮೇಲಿಂದ ಅವನ ತಲೆಯನ್ನು ಹಿಡಿದವು. ಅವು ಕೈಗಳೇ ಅಲ್ಲ, ಇಕ್ಕಳ. ಒಂದು ಹೆಬ್ಬೆರಳು ತಡಕಾಡದೆ ನೇರವಾಗಿ ಆ ಗಂಟಿನ ಮೇಲೆಯೇ ಬಂದು ಕೂತಿತು.

"ಉಸಿರು ಬಿಡು."

ಬುಕೆನ್ಯ ಬಿಟ್ಟ.

"ಪೂರ್ತಿ ಬಿಡು."

ಕಟಕ್!

ಬೆಳಗಿನಿಂದ ಹಿಡಿದಿದ್ದ ಮೊಳೆ ಯಾರೋ ಕಿತ್ತಂತೆ ಹೊರಬಂತು. ಬಟ್ಟೆಯೊಳಗೆ ಬುಕೆನ್ಯ ಮೆಲ್ಲಗೆ ಕತ್ತನ್ನು ಬಲಕ್ಕೆ ತಿರುಗಿಸಿದ. ತಿರುಗಿತು! ಎಡಕ್ಕೆ ತಿರುಗಿಸಿದ. ತಿರುಗಿತು! ಬಲಕ್ಕೆ, ಎಡಕ್ಕೆ, ಬಲಕ್ಕೆ! ಬೆಣ್ಣೆಯಂತೆ ಜಾರುತ್ತಿತ್ತು. "ಬಿಟ್ಟಿತು! ಬಿಟ್ಟಿತು! ಅತ್ತೆ ಬಿಡಿಸಿದ್ರು!" ಎಂದು ಒಳಗಿಂದಲೇ ಕೂಗಿದ. ಜನ ಚಪ್ಪಾಳೆ ತಟ್ಟುತ್ತಾರೆಂದು ಕಾದ.

ಚಪ್ಪಾಳೆ ಬರಲಿಲ್ಲ. ಹೊರಗೆ ಪಿಸುಮಾತು. ಆಮೇಲೆ ನಾಂತೇಜಾಳ ಧ್ವನಿ: "ಅಮ್ಮಾ? ಅಮ್ಮಾ, ಈ ಕಡೆ ನೋಡಿ."

"ನೋಡೋಕಾಗ್ತಿಲ್ಲ ಕಣೇ" ಎಂದಿತು ಗಟ್ಟಿ ಕಂಠ. ಈಗ ಅಷ್ಟು ಗಟ್ಟಿಯಾಗಿರಲಿಲ್ಲ.

ಮರ್ಯಾದಸ್ಥ ಹೆಂಗಸು. ಬಟ್ಟೆ ಮುಚ್ಚಿದ್ದರೂ ಅಳಿಯನ ಕಡೆ ಮುಖ ಮಾಡಬಾರದೆಂದು, ಮುಖವನ್ನು ಪೂರ್ತಿ ಬಲಕ್ಕೆ ತಿರುಗಿಸಿಕೊಂಡು, ಹಾಗೇ ಮೈಯ ಬಲವೆಲ್ಲ ಹಾಕಿ ಎಳೆದಿದ್ದರು. ಅಳಿಯನ ಎಡಗಡೆಯ ಗಂಟು ಬಿಚ್ಚಿದ ಕ್ಷಣದಲ್ಲೇ ಅತ್ತೆಯ ಬಲಗಡೆಯದು ಬಿಗಿದುಕೊಂಡಿತ್ತು. ಈಗ ಅವರು ಬಲ ಹೆಗಲಿನ ಮೇಲಿಂದ ಹಲಸಿನ ಮರವನ್ನು ನೋಡುತ್ತಾ ನಿಂತಿದ್ದರು.

ಕಿಕೊಮೆಕೊ ಹೆಂಡತಿಯ ಸುತ್ತ ಒಮ್ಮೆ ಸುತ್ತಿದರು. "ಈ ಸೀಮೆಯಲ್ಲಿ ಕತ್ತು ಬಿಡಿಸೋ ಕೈ ಇದೊಂದೇ" ಎಂದು ಇನ್ನೊಮ್ಮೆ ಹೇಳಿದರು. ಈ ಸಲ ಅದರಲ್ಲಿ ಹೆಮ್ಮೆ ಇರಲಿಲ್ಲ.

ಬುಕೆನ್ಯನಿಗೆ ಮನಸ್ಸು ಕರಗಿತು. ತನಗಾಗಿ ತಾನೇ ಅವರಿಗೆ ಈ ಗತಿ ಬಂದದ್ದು? ಬಟ್ಟೆಯೊಳಗಿಂದಲೇ ಉತ್ಸಾಹದಿಂದ ಹೇಳಿದ: "ಹೆದರಬೇಡಿ ಮಾವಾ! ಮಸಾಕಾದಲ್ಲಿ ಅಚೆಂಗ್ ಅಂತ ಡಾಕ್ಟರಮ್ಮ ಇದಾರೆ. ಬೆರಳಿಟ್ಟ ಕೂಡಲೇ ಹಿಡೀತಾರೆ. ನಮ್ಮ ಮನೆಯಿಂದ ನಾಲ್ಕೇ ಹೆಜ್ಜೆ. ವಯಸ್ಸಾದವರಿಗೆ ಎರಡು ಮೂರು ದಿನಕ್ಕೆ ವಾಸಿ ಆಗಲ್ಲ, ಹದಿನೈದು ದಿನವಾದ್ರೂ ಶಾಖ ಕೊಡಿಸಬೇಕಾಗತ್ತೆ!"

ಒಳ್ಳೆಯ ಅಳಿಯ, ಒಳ್ಳೆಯ ಅಳಿಯ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯನ್ನು ಬುಕೆನ್ಯ ಬಟ್ಟೆಯೊಳಗೆ ಕೂತು ಚಪ್ಪರಿಸಿದ. ಅವನು ಹಾಗೆ ಚಪ್ಪರಿಸುತ್ತಿರುವಾಗಲೇ ಮದುಮಗನ ಕಾರು ಅಂಗಳಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಅತ್ತೆಯನ್ನು ದಿಂಬು ಕೊಟ್ಟು ಕೂರಿಸಿದರು. ಪಕ್ಕದಲ್ಲಿ ಸೆಂಗಾ ನಮುಲಿ, ಮುಂದೆ ಮುಸೋಕೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾಂತೇಜಾ. ಅತ್ತೆಯ ಗಂಟು, ಅತ್ತೆಯ ಚಾಪೆ, ಅತ್ತೆಯ ಎರಡು ಕೋಳಿ ಡಿಕ್ಕಿಯೊಳಗೆ ಹೋದವು. ಕಾರಿನ ಬಾಗಿಲು ಮುಚ್ಚಿದ ಸದ್ದಾದ ಮೇಲೆ ಯಾರೋ ಅವನ ಮೇಲಿನ ಬಟ್ಟೆ ತೆಗೆದರು.

ಬುಕೆನ್ಯ ಮೊದಲು ಮಾಡಿದ ಕೆಲಸ ಕಾರಿಗೆ ಬೆನ್ನು ಮಾಡಿ ನಿಂತದ್ದು.

"ಇವಳೇ," ಎಂದ ಬಾಳೆತೋಟದ ಕಡೆ ಮುಖ ಮಾಡಿ, "ನಮ್ಮ ಮನೇಲಿ ಇರೋದು ಎರಡೇ ಕೋಣೆ."

"ಗೊತ್ತು. ಒಂದರಲ್ಲಿ ಅಮ್ಮ. ಇನ್ನೊಂದರಲ್ಲಿ ನಾನು, ಸೆಂಗಾ, ಮುಸೋಕೆ."

"ಮತ್ತೆ ನಾನು?"

"ಒಂದೇ ಸೂರಿನ ಕೆಳಗೆ ಇರೋ ಹಾಗಿಲ್ಲವಲ್ಲ. ಸ್ಟುಡಿಯೋದಲ್ಲಿ ಗಿರಾಕಿಗಳು ಕೂರೋ ಬೆಂಚಿದೆ."

"ಅದು ಮೂರಡಿ ಉದ್ದ ಇದೆ ಕಣೇ!"

"ಮಡಚಿಕೊಂಡು ಮಲಗಿ."

ಕಾರು ಹೊರಟಿತು. ನಾಲ್ಕು ಮಾರು ಹೋಗಿ ನಿಂತಿತು. ನಾಂತೇಜಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮುಸೋಕೆ ಅಪ್ಪಾ, ಕತ್ತು ಪೂರ್ತಿ ಸರಿಹೋಯ್ತು ತಾನೇ?"

"ಹೋಯ್ತು" ಎಂದ ಬುಕೆನ್ಯ, ಬಾಳೆಗಿಡಗಳಿಗೆ.

"ಹಾಗಾದ್ರೆ ಇನ್ನು ಹದಿನೈದು ದಿನ ಅದನ್ನ ನಮ್ಮ ಮನೆ ಕಡೆ ಮಾತ್ರ ತಿರುಗಿಸಬೇಡಿ."